ಮಂಜುಗಡ್ಡೆ ಎಷ್ಟು ದಪ್ಪ

ಗುರುವಾರ ರಾತ್ರಿ, ವೂಚ್ ನಗರದ ನಾಲ್ಕನೇ ಮಹಡಿ.
ಅಡುಗೆಮನೆ ಮೇಜಿಗೆ ಹೂಹೂವಿನ ಮೇಣಬಟ್ಟೆ.
ಕೆಳಗೆ ಕೊನೆಯ ಟ್ರಾಮು ತಿರುವಿನಲ್ಲಿ ಕಿರುಗುಟ್ಟಿದಾಗ
ಡ್ರಾಯರಿನ ಚಮಚಗಳೆಲ್ಲ ಒಮ್ಮೆ ಗೊಣಗುತ್ತವೆ.
ಅದರ ಬ್ರೇಕು ಹಗಲು ನಾನೇ ಬಿಗಿದದ್ದು.
ರಾತ್ರಿ ನಾನು ಆಟ ನಡೆಸುವವನು:
ತೋಳ ನಾನು, ಸುಂಕದವನು ನಾನು, ಮೋಡ ನಾನು,
ಎದುರು ಕೂತ ಮೂವರನ್ನು ಬಿಟ್ಟು
ಮಿಕ್ಕ ಲೋಕವೆಲ್ಲ ನಾನು.

ಮೂರು ವಾರ ಕೂತು ಒಂದು ಕೋಟೆ ಬರೆದಿದ್ದೆ.
ಹನ್ನೊಂದು ಕೋಣೆ, ನೆಲಮಾಳಿಗೆಯಲ್ಲಿ ಸೆರೆ,
ಗೂರಲು ಕೆಮ್ಮಿನ ಒಬ್ಬ ಜೈಲರ್, ಅವನ ಮೇಲೆ ನನಗೆ ಪ್ರೀತಿ.
ಅಲ್ಲಿಗೆ ಇವರು ಹೋಗಬೇಕಾದರೆ
ಸೇತುವೆಯ ಮೇಲೆ ಸಿಕ್ಕಿಬೀಳಬೇಕು.
ಆರು ಈಟಿ ಇಟ್ಟು ಕಾದೆ.
'ಏನು ಮಾಡುತ್ತೀರಿ?' ಎಂದೆ.
ಉತ್ತರ ಆಗಲೇ ನೋಟ್‌ಬುಕ್ಕಿನಲ್ಲಿತ್ತು.

ಬಚ್ಚಲುಗಳಿಗೆ ಟೈಲ್ಸ್ ಕೂರಿಸುವ ಕೊರ್ನೆಲ್ ಕತ್ತಿ ಹಿರಿದ.
ಔಷಧಿ ಅಂಗಡಿಯ ಯಾಗ್ನಾ ಮಂತ್ರಗಳ ಪಟ್ಟಿ ತಿರುವಿದಳು.
ಲುದ್ಮಿವಾ ಮೇಡಂ ಮಾತ್ರ
(ಮೂವತ್ತೆಂಟು ವರ್ಷ ಭೂಗೋಳ ಕಲಿಸಿ
ಎಪ್ಪತ್ತೊಂದರಲ್ಲಿ ಕಳ್ಳಿಯಾಗಿ ಹುಟ್ಟಿದವರು)
ಕನ್ನಡಕ ಏರಿಸಿ ಕೇಳಿದರು:
'ನಿನ್ನ ಲೋಕದಲ್ಲಿ ಇದು ಯಾವ ತಿಂಗಳಪ್ಪಾ?'
ಫೆಬ್ರವರಿ.
'ಉಗುಳಿದರೆ ನೆಲ ಮುಟ್ಟುವ ಮೊದಲೇ ಕಲ್ಲಾಗುತ್ತದೆ
ಎಂದು ಮೊದಲ ದಿನ ನೀನೇ ಹೇಳಿದ್ದೆ.
ಹಾಗಿದ್ದರೆ ನದಿ ಹೆಪ್ಪುಗಟ್ಟಿರಬೇಕು. ನಮಗೆ ಸೇತುವೆ ಯಾಕೆ?'

ಎತ್ತು ಏರಿಗೆ, ಕೋಣ ನೀರಿಗೆ.
ನನ್ನ ಕೋಟೆ, ನನ್ನ ಗೂರಲಿನವನು
ಹಿಂದೆಯೇ ಉಳಿದುಬಿಡುತ್ತಾರಲ್ಲ!
'ಮಂಜುಗಡ್ಡೆ ತೆಳು,' ಎಂದುಬಿಟ್ಟೆ.
ಆ ಕ್ಷಣದವರೆಗೆ ಅದು ತೆಳುವಾಗಿರಲಿಲ್ಲ.
ರಟ್ಟಿನ ಮರೆಯಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸಿದೆ.
ಹತ್ತೊಂಬತ್ತು ಬಿತ್ತು.
'ನಾಲ್ಕು,' ಎಂದೆ.

ಬಿರುಕು. ನೀರು. ಈಟಿಗಳು. ಸೆರೆ.
ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.
ಜೈಲರ್ ಎಷ್ಟು ಚೆನ್ನಾಗಿ ಕೆಮ್ಮಿದ! ಯಾರೂ ನಗಲಿಲ್ಲ.
ಕೊರ್ನೆಲ್ ಪೆನ್ಸಿಲ್ಲಿನ ತುದಿಯಿಂದ
ಉಗುರಿನ ಸಿಮೆಂಟು ತೆಗೆಯುತ್ತ ಕೂತ.
'ಈಗ ನಾವೇನು ಮಾಡಬೇಕು, ನೀನೇ ಹೇಳಿಬಿಡು,' ಎಂದಳು ಯಾಗ್ನಾ.
ಬೈದಿದ್ದರೂ ಇಷ್ಟು ತಾಗುತ್ತಿರಲಿಲ್ಲ.
ಮೇಡಂ ನನ್ನ ಮುಖ ನೋಡಿದರು,
ಕಾಪಿ ಹೊಡೆದ ಹುಡುಗರನ್ನು ನೋಡಿ ಪಳಗಿದ ಕಣ್ಣು.
ಏನೂ ಅನ್ನದೆ ಲೋಟ ತೊಳೆದಿಟ್ಟು ಹೋದರು.

ವಾರವಿಡೀ ಡಿಪೋದ ಗುಂಡಿಯಲ್ಲಿ ನಿಂತು
ಬ್ರೇಕು ಪ್ಯಾಡುಗಳ ದಪ್ಪ ಅಳೆದು ಬರೆದೆ.
ಎಂಟು ಮಿಲಿಮೀಟರ್ ಇದ್ದರೆ ಎಂಟು.
ಅಲ್ಲಿ ಒಂದು ಸುಳ್ಳು ಅಂಕಿ ಬರೆಯಲು ನನ್ನ ಕೈ ಏಳದು.

ಮುಂದಿನ ಗುರುವಾರ ಹೇಳಿದೆ: ಹತ್ತೊಂಬತ್ತು ಬಿದ್ದಿತ್ತು.
ಕೊರ್ನೆಲ್ ಒಂದು ಹೊಲಸು ಮಾತು ಬೈದು, ಆಮೇಲೆ ಬ್ರೆಡ್ಡು ಕೊಯ್ದ.
ರಟ್ಟನ್ನು ಮಡಿಚಿ ಬಿಸಿ ಕೆಟಲಿನ ಅಡಿಗೆ ಹಾಕಿದೆವು.
ಮತ್ತೆ ಅದೇ ದಡ. ಫೆಬ್ರವರಿ. ಗಡ್ಡೆ ಮೊಳ ದಪ್ಪ.
ಆರು ಈಟಿ ಸೇತುವೆಯ ಮೇಲೆ ನಡುಗುತ್ತಿರಲು
ಕತ್ತಲಲ್ಲಿ ಮೂವರೂ ನಡೆದು ದಾಟಿದರು.
ಕೋಟೆಯಲ್ಲಿ ಆ ಜೈಲರ್ ಈಗಲೂ ಒಬ್ಬನೇ ಕೆಮ್ಮುತ್ತಿದ್ದಾನು.
ಆಚೆ ದಡದಲ್ಲಿ ಏನಿದೆ? ನನ್ನ ಪುಟ ಖಾಲಿ.
ಎಷ್ಟೋ ವರ್ಷದ ಮೇಲೆ ನಾನೂ ಹೆದರಿದೆ.

ಬಯಲಲ್ಲಿ ಬೀಳುವ ದಾಳಕ್ಕೆ ದಾಕ್ಷಿಣ್ಯವಿಲ್ಲ.
ಏಪ್ರಿಲಿನಲ್ಲಿ ಕೊರ್ನೆಲನ ಕತ್ತಿಯವನು ಸತ್ತ.
ಬಾಗಿಲ ಹಿಂದೆ ಹೊಗೆ ವಾಸನೆ ಎಂದು ಎರಡು ಸಲ ಹೇಳಿದ್ದೆ.
ತೆರೆದ. ಒಂದು ಬಿತ್ತು. ಎಲ್ಲರೂ ಕಂಡರು.
ನನ್ನ ಕೈ ರಟ್ಟನ್ನು ತಡವಿತು;
ಅಲ್ಲಿ ಕೆಟಲು ಇತ್ತು, ಬೆರಳು ಸುಟ್ಟಿತು.
ಕೊರ್ನೆಲ್ ಬಹಳ ಹೊತ್ತು ಸುಮ್ಮನಿದ್ದು
'ತೆರೆದವನು ನಾನೇ,' ಎಂದ. 'ಖಾಲಿ ಹಾಳೆ ಕೊಡು.'

ನಿನ್ನೆ ದಾಳ ಜಾರಿ ಒಲೆಯ ಅಡಿಗೆ ಹೋಯಿತು.
ನಾಲ್ವರೂ ಮಂಡಿಯೂರಿದೆವು, ಮೇಡಂ ಕೂಡ, ಸೊಂಟ ಹಿಡಿದು.
ಯಾಗ್ನಾ ಮೊಬೈಲಿನ ಬೆಳಕು ಬಿಟ್ಟಳು:
ಧೂಳು, ಒಂದು ಕಾರ್ಕು, ಯಾವ ಕಾಲದ್ದೋ ಬಟಾಣಿ ಕಾಳು,
ಗೋಡೆಯ ಬದಿಗೆ ದಾಳ.
'ಮುಟ್ಟಬೇಡಿ,' ಎಂದರು ಮೇಡಂ,
'ಮೊದಲು ಎಲ್ಲರೂ ನೋಡಿ.'
ಕೆನ್ನೆ ನೆಲಕ್ಕೆ ಒತ್ತಿ
ಒಬ್ಬರಾದ ಮೇಲೆ ಒಬ್ಬರು ನೋಡಿದೆವು.